ಸಹಿ ಮಾಡಿ ಬಂದೀನ್ರಿ, ಈಗ ಹೇಳ್ರಿ

ನಾಗರ ಪಂಚಮಿ ಮುಗಿದ ಮೂರನೇ ದಿನವೋ ನಾಲ್ಕನೇ ದಿನವೋ ಇರಬೇಕು. ಲಕ್ಷ್ಮೇಶ್ವರದ ಕಡೆಯ ಹಳ್ಳಿಯೊಂದರಿಂದ ಒಬ್ಬರು ಹೆಣ್ಣುಮಗಳು ನಮ್ಮ ಆಫೀಸಿಗೆ ಬಂದರು. ವಯಸ್ಸು ಅರವತ್ತರ ಆಸುಪಾಸು. ಇಳಕಲ್ ಸೀರೆ, ತಲೆ ಮೇಲೆ ಸೆರಗು. ಕುರ್ಚಿಯ ತುದಿಗೆ ಕೂತರು. ಮಡಿಲಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರೊಳಗೆ ಒಂದು ಹೊಸ ಸೀರೆ. ಸೀರೆಯ ಮಡಿಕೆಯೊಳಗೆ, ಮುದುಡಬಾರದು ಅಂತ, ಕಾಗದ ಇಟ್ಟಿದ್ದರು. ಸೀರೆ ಹಬ್ಬಕ್ಕೆ ಅಂತ ಅವರ ತಮ್ಮ ಕೊಡಿಸಿದ್ದು. ಕಾಗದ ಹಬ್ಬದ ಮರುದಿನ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಆಕೆ ಸಹಿ ಹಾಕಿ ಬಂದದ್ದರ ಝರಾಕ್ಸ್. "ನನಗೂ ಒಂದು ಪ್ರತಿ ಇರಲೋ ತಮ್ಮಾ" ಅಂತ ಕೇಳಿ ತೆಗೆದುಕೊಂಡಿದ್ದರಂತೆ. ಅದನ್ನು ನನ್ನ ಮೇಜಿನ ಮೇಲಿಟ್ಟು, "ಸಹಿ ಮಾಡಿ ಬಂದೀನ್ರಿ ಅಕ್ಕಾರ, ಈಗ ಹೇಳ್ರಿ, ಇದರಾಗ ಏನು ಬರದಾರ?" ಅಂದರು.

ಗದಗಿನಲ್ಲಿ ವಕೀಲಿ ಶುರು ಮಾಡಿ ನನಗೆ ಇಪ್ಪತ್ತು ವರ್ಷ ದಾಟಿತು. ಆ ಒಂದು ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಗಂಡಸರು, ಹೆಂಗಸರು, ಓದಿದವರು, ಹೆಬ್ಬೆಟ್ಟು ಒತ್ತುವವರು, ಮಾಸ್ತರರು, ಅಂಗಡಿಯವರು, ಎಲ್ಲರೂ. ಹೊಲದ್ದು, ಸಾಲದ್ದು, ಮನೆ ಬಾಡಿಗೆಯದ್ದು, ಚೆಕ್ಕಿನದ್ದು, ವಿಷಯ ಬೇರೆ ಬೇರೆ. ಆದರೆ ಹೆಚ್ಚಿನವರು ಬರುವುದು ಸಹಿ ಆದ ಮೇಲೆ. ಒಂದು ದಿನ ಮೊದಲು ಬಂದಿದ್ದರೆ ಐದು ನಿಮಿಷದಲ್ಲಿ ಮುಗಿಯುವ ಮಾತು, ಒಂದು ದಿನ ತಡವಾಗಿ ಬಂದರೆ ವರ್ಷಗಟ್ಟಲೆ ಎಳೆಯುವ ದಾವಾ ಆಗುತ್ತದೆ. ಇದು ನನ್ನನ್ನು ಬಹಳ ದಿನದಿಂದ ಕೊರೆಯುತ್ತಿದೆ. ಜನ ದಡ್ಡರಲ್ಲ. ಬಿತ್ತನೆ ಬೀಜವನ್ನು ನಾಲ್ಕು ಅಂಗಡಿ ತಿರುಗಿ ನೋಡಿ ತರುವವರು ಇವರೇ. ಎಪಿಎಂಸಿಯಲ್ಲಿ ಉಳ್ಳಾಗಡ್ಡಿ ತೂಕಕ್ಕೆ ಹಾಕುವಾಗ ಅರ್ಧ ಕಿಲೋ ವ್ಯತ್ಯಾಸ ಬಂದರೂ ಬಿಡುವವರಲ್ಲ. ಕಾಗದದ ಮುಂದೆ ಮಾತ್ರ ಸುಮ್ಮನಾಗುತ್ತಾರೆ. ಯಾಕೆ?

ಅವತ್ತು ಆ ಅಮ್ಮನ ಕಾಗದ ಓದಿದೆ. ಹಕ್ಕು ಬಿಡುಗಡೆ ಪತ್ರ. 4 ಎಕರೆ 20 ಗುಂಟೆ ಎರಿ (ಕಪ್ಪು ಮಣ್ಣಿನ) ಹೊಲ. ಬರೆಸಿಕೊಂಡವರು ಇಬ್ಬರು ತಮ್ಮಂದಿರು, ಬರೆಸಿಕೊಟ್ಟವರು ಈ ಅಕ್ಕ. "ಪ್ರೀತಿ ವಿಶ್ವಾಸದಿಂದ, ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ, ಓದಿಸಿ ಕೇಳಿ ಒಪ್ಪಿ" ಅಂತ ಎಲ್ಲಾ ಕಾಗದದಲ್ಲಿ ಇರುವಂತೆ ಇದರಲ್ಲೂ ಇತ್ತು. ಕೆಳಗೆ ಆಕೆಯ ಫೋಟೋ, ಹೆಬ್ಬೆರಳ ಗುರುತು, ಪಕ್ಕದಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಬರೆದ ಸಹಿ. ನಾಲ್ಕನೇ ತರಗತಿವರೆಗೆ ಓದಿದವರು. ಸಹಿಯ ಕೊನೆಯ ಅಕ್ಷರ ಗೆರೆ ದಾಟಿ ಸೀಲಿನ ಮೇಲೆ ಹೋಗಿತ್ತು.

"ನಿಮ್ಮ ತವರಿನ ಹೊಲದಾಗ ನಿಮ್ಮ ಪಾಲು ಬಿಟ್ಟುಕೊಟ್ಟೀನಿ ಅಂತ ಐತ್ರಿ" ಅಂದೆ.

ಆಕೆ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ, "ನಂದು ಪಾಲು ಇತ್ತೇನ್ರಿ?" ಅಂದರು.

ಈ ಪ್ರಶ್ನೆ ಇವತ್ತಿಗೂ ನನ್ನ ಕಿವಿಯಲ್ಲಿದೆ. ಇದೆ ಅಂತಲೇ ಗೊತ್ತಿಲ್ಲದ್ದನ್ನು ಅವರು ಬಿಟ್ಟುಕೊಟ್ಟಿದ್ದರು. ಆಟೋದಲ್ಲಿ ಹೋಗುವಾಗ ಕೇಳಿದ್ದರಂತೆ, "ಏನಕ್ಕೋ ತಮ್ಮಾ ಇದು?" ಅಂತ. "ಬ್ಯಾಂಕಿನಾಗ ಬೆಳಿ ಸಾಲಕ್ಕ ಬೇಕಬೇ ಅಕ್ಕಾ" ಅಂದಿದ್ದನಂತೆ. ಅದಾದ ಮೇಲೆ ಅವರು ಕೇಳಲಿಲ್ಲ.

ಅವರ ಸಹಿಗೆ ಬೆಲೆ ಬಂದದ್ದು ಹೇಗೆ

ಈ ಅಮ್ಮನ ಮದುವೆ ಆಗಿ ನಲವತ್ತು ವರ್ಷದ ಮೇಲಾಗಿತ್ತು. ಅವರ ಬದುಕಿನ ಪಕ್ಕದಲ್ಲೇ ಕಾನೂನು ಮೂರು ಸಲ ತಿರುಗಿದೆ. ನಮ್ಮ ರಾಜ್ಯ 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂದಿತು. ಆದರೆ ಅಷ್ಟರೊಳಗೆ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. ಇವರು ಹೊರಗುಳಿದರು. 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಬಂತು, ಮದುವೆಯ ಷರತ್ತು ಹೋಯಿತು. ಆಮೇಲೆ ಇನ್ನೊಂದು ತಕರಾರು ಎದ್ದಿತು. ಅವತ್ತಿಗೆ ಅಪ್ಪ ಬದುಕಿರಬೇಕೋ ಬೇಡವೋ? ಇವರ ಅಪ್ಪ ಅದಕ್ಕೂ ಮೊದಲೇ ತೀರಿಹೋಗಿದ್ದರು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಮಗಳ ಹಕ್ಕು ಹುಟ್ಟಿನಿಂದ ಬರುತ್ತದೆ, 2005ರಲ್ಲಿ ಅಪ್ಪ ಇದ್ದರೇ ಇಲ್ಲವೇ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ವಾಟ್ನಿ, ಅಂದರೆ ಆಸ್ತಿ ಪಾಲು, ಆಗಿದ್ದರೆ ಅದನ್ನು ಕೆದಕಲು ಬರುವುದಿಲ್ಲ. ಇವರ ಮನೆಯಲ್ಲಿ ಅಂಥ ವಾಟ್ನಿ ಯಾವುದೂ ಆಗಿರಲಿಲ್ಲ. ಇವರ ತಾಯಿ ಅಪ್ಪನಿಗಿಂತ ಮೊದಲೇ ಹೋಗಿದ್ದರು. ಇಬ್ಬರು ತಮ್ಮಂದಿರು, ಒಬ್ಬಳೇ ಅಕ್ಕ. ಲೆಕ್ಕ ಹಾಕಿದರೆ ಇವರಿಗೆ ಮೂರನೇ ಒಂದು ಪಾಲು, ಅಂದರೆ 1 ಎಕರೆ 20 ಗುಂಟೆ.

ನಾನು ನೋಡಿದ ಮಟ್ಟಿಗೆ ಹೇಳುತ್ತೇನೆ. ಮೊದಲು ಅಕ್ಕತಂಗಿಯರ ಸಹಿ ಯಾರಿಗೂ ಬೇಕಿರಲಿಲ್ಲ. 2020ರ ತೀರ್ಪಿನ ಮೇಲೆ ಹೊಲ ಕೊಳ್ಳುವವರು, ಸಾಲ ಕೊಡುವವರು, "ಹೆಣ್ಣುಮಕ್ಕಳ ಸಹಿ ಆಗೇತೇನು?" ಅಂತ ಕೇಳಲು ಶುರು ಮಾಡಿದರು. ಹಕ್ಕು ಬಂದ ಸುದ್ದಿ ಅಕ್ಕನಿಗಿಂತ ಮೊದಲು ತಮ್ಮನಿಗೆ ಮುಟ್ಟಿತು. ಹೀಗಾಗಿ ಪಂಚಮಿ, ಉಗಾದಿ ಆದ ಮೇಲೆ ಇಂಥ ಝರಾಕ್ಸ್ ಹಿಡಿದು ಬರುವವರು ನಮ್ಮ ಆಫೀಸಿನಲ್ಲಿ ಜಾಸ್ತಿ. ಹಬ್ಬಕ್ಕೆ ತವರಿಗೆ ಬಂದಾಗಲೇ ಎಲ್ಲರೂ ಒಂದೇ ಕಡೆ ಸಿಗುತ್ತಾರಲ್ಲ. ತಮ್ಮಂದಿರೆಲ್ಲ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಮನೆಯಲ್ಲಿ ಅಕ್ಕತಂಗಿಯರು ತಿಳಿದೇ, ಮನಸಾರೆ ಬಿಟ್ಟುಕೊಡುತ್ತಾರೆ. ಮಳೆ ನಂಬಿದ ನಾಲ್ಕು ಎಕರೆಯಲ್ಲಿ ಇಬ್ಬರು ಗಂಡುಮಕ್ಕಳ ಸಂಸಾರ ನಡೆಯುವುದೇ ಕಷ್ಟ ಅನ್ನುವುದು ಅವರಿಗೂ ಗೊತ್ತು. ತಿಳಿದು ಕೊಡುವುದು ಬೇರೆ. ಏನು ಕೊಟ್ಟೆ ಅಂತ ಆಮೇಲೆ ವಕೀಲರ ಹತ್ತಿರ ಬಂದು ಕೇಳುವುದು ಬೇರೆ.

ನೋಂದಣಿಯಾದ ಬಿಡುಗಡೆ ಪತ್ರ ಅಂದರೆ, ಮನಸ್ಸು ಬದಲಾಯಿತು ಅಂತ ಹೋಗಿ ವಾಪಸ್ ತೆಗೆದುಕೊಳ್ಳುವ ಕಾಗದ ಅಲ್ಲ. ಮೋಸದಿಂದ ಬರೆಸಿಕೊಂಡಿದ್ದರೆ ಸಿವಿಲ್ ಕೋರ್ಟಿನಲ್ಲಿ ರದ್ದಿಗೆ ದಾವಾ ಹಾಕಬೇಕು. ಮೋಸ ಗೊತ್ತಾದಾಗಿನಿಂದ 3 ವರ್ಷದೊಳಗೆ. ಓದು ಬಾರದವರಿಗೆ, ಕಡಿಮೆ ಓದಿದ ಹೆಣ್ಣುಮಕ್ಕಳಿಗೆ ಕೋರ್ಟುಗಳು ಒಂದು ಆಸರೆ ಕೊಟ್ಟಿವೆ. ಕಾಗದದ ಲಾಭ ಪಡೆದವರೇ, "ಓದಿ ಹೇಳಿದ್ದೆವು, ಆಕೆ ತಿಳಿದೇ ಸಹಿ ಮಾಡಿದರು" ಅಂತ ತೋರಿಸಬೇಕಾಗುತ್ತದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರು ಸಿಗುತ್ತಾರೆ, ಕೋರ್ಟಿನ ಆವರಣದಲ್ಲೇ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಇದೆಲ್ಲಾ ಹೇಳಿದೆ. ಆಕೆ ತಲೆ ಅಲ್ಲಾಡಿಸುತ್ತಾ ಕೇಳಿದರು. ಕೊನೆಗೆ, "ಅಂವಗ ತ್ರಾಸ ಆಗದಂಗ ಏನರ ಮಾಡಾಕ ಬರ್ತದೇನ್ರಿ?" ಅಂದರು.

ದಾವಾ ಹಾಕದೆಯೇ ಎರಡೂ ಕಡೆಯವರನ್ನು ಕಾನೂನು ಸೇವಾ ಸಮಿತಿಯಲ್ಲಿ ಕೂರಿಸಿ ಮಾತಾಡಿಸಬಹುದು, ಒಪ್ಪಿದರೆ ಲೋಕ ಅದಾಲತ್‌ನಲ್ಲಿ ರಾಜಿ ಮಾಡಬಹುದು ಅಂದೆ. "ಅಲ್ಲಿಗೆ ಕರದ್ರ ಮಂದಿಗೆ ಗೊತ್ತಾಗ್ತದಲ್ರಿ" ಅಂದರು. ಕಾಗದವನ್ನು ಮತ್ತೆ ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡು ಎದ್ದರು. ಫೀ ಎಷ್ಟು ಅಂತ ಕೇಳಿದರು, ಬೇಡ ಅಂದೆ. ಚೀಲದ ತಳದಿಂದ ಎರಡು ಶೇಂಗಾ ಉಂಡಿ ತೆಗೆದು ಮೇಜಿನ ಮೇಲಿಟ್ಟು ಹೋದರು. ತವರಿನಿಂದ ಕಟ್ಟಿ ಕೊಟ್ಟ ಪಂಚಮಿ ಉಂಡಿ.

"ಬರೇ ಸಾಕ್ಷಿ ಅಂದ್ರು"

ಹೆಣ್ಣುಮಕ್ಕಳದ್ದಷ್ಟೇ ಹೀಗೆ ಅಂದುಕೊಳ್ಳಬೇಡಿ. ಗಂಡಸರು ತಡವಾಗಿ ಕೇಳುವ ಪ್ರಶ್ನೆ ಬೇರೆ, ಅಷ್ಟೇ. ಒಬ್ಬರು ಸರ್ಕಾರಿ ನೌಕರರು ಪಗಾರದ ಚೀಟಿ ಹಿಡಿದುಕೊಂಡು ಬಂದರು. "ಪ್ರತಿ ತಿಂಗಳು ರೊಕ್ಕ ಕಟ್ ಆಗಾಕತ್ತೈತ್ರಿ. ಸಾಲ ನಂದಲ್ಲ. ಗೆಳ್ಯಾ ಪತ್ತಿನ ಸಂಘದಾಗ ತಗೊಂಡಿದ್ದ. ನನಗ ಬರೇ ಸಾಕ್ಷಿ ಸಹಿ ಅಂದಿದ್ರು." ಸಾಲದ ಫಾರ್ಮಿನ ನಕಲು ತರಿಸಿ ನೋಡಿದೆ. ಅವರ ಸಹಿ ಇದ್ದದ್ದು ಸಾಕ್ಷಿಯ ಜಾಗದಲ್ಲಿ ಅಲ್ಲ, ಜಾಮೀನುದಾರರ ಜಾಗದಲ್ಲಿ. ಪದ ಅಲ್ಲೇ ಅಚ್ಚಾಗಿತ್ತು, ಸಣ್ಣ ಅಕ್ಷರವೂ ಅಲ್ಲ. ಅವರು ಓದು ಬಾರದವರೂ ಅಲ್ಲ, ಡಿಗ್ರಿ ಮಾಡಿದವರು.

ಸಾಕ್ಷಿ ಅಂದರೆ, "ಇವನು ನನ್ನ ಕಣ್ಣೆದುರು ಸಹಿ ಮಾಡಿದ" ಅಂತ ಹೇಳುವವನು. ಸಾಲಕ್ಕೆ ಅವನು ಹೊಣೆಯಲ್ಲ. ಜಾಮೀನುದಾರ ಅಂದರೆ, 1872ರ ಕರಾರು ಕಾಯ್ದೆ ಹೇಳುವಂತೆ, ಸಾಲಗಾರನಷ್ಟೇ ಹೊಣೆ ಹೊತ್ತವನು. "ಮೊದಲು ಅವನ ಹತ್ರ ವಸೂಲಿ ಮಾಡ್ರಿ, ಆಗದಿದ್ರ ನನ್ನ ಕೇಳ್ರಿ" ಅನ್ನಲು ಬರುವುದಿಲ್ಲ. ಸಾಲ ಕೊಟ್ಟವರು ನೇರವಾಗಿ ಜಾಮೀನುದಾರನ ಕಡೆಗೇ ಬರಬಹುದು. ಪಗಾರ ಇದ್ದವನ ಕಡೆಗೇ ಬರುತ್ತಾರೆ, ಯಾಕಂದರೆ ಅಲ್ಲಿ ವಸೂಲಿ ಸುಲಭ. ತೀರಿಸಿದ ಮೇಲೆ ಆ ದುಡ್ಡನ್ನು ಗೆಳೆಯನಿಂದ ಕಾನೂನು ಪ್ರಕಾರ ಕೇಳುವ ಹಕ್ಕು ಇದೆ ಅಂದೆ. ಅವರು ಸುಮ್ಮನೆ ಕೂತರು. ಗೆಳೆಯ ಊರು ಬಿಟ್ಟು ವರ್ಷವಾಗಿತ್ತು.

"ಸಹಿ ಮಾಡೂ ಮೊದಲು ಮ್ಯಾಲಿನ ಎರಡು ಸಾಲು ಓದಲಿಲ್ಲ ಯಾಕ್ರಿ?" ಅಂತ ಕೇಳಿದೆ. ಕೇಳಬಾರದಿತ್ತು, ಆಗಲೇ ನೊಂದವರು. ಆದರೆ ಅವರು ಕೊಟ್ಟ ಉತ್ತರ ನನಗೆ ಬೇಕಿತ್ತು. "ಅಂವ ಎದುರಿಗೇ ಕುಂತಿದ್ನಲ್ರಿ" ಅಂದರು. ಗೆಳೆಯ ಎದುರಿಗೆ ಕೂತಿರುವಾಗ ಕಾಗದ ಓದುವುದೆಂದರೆ ಅವನ ಮುಖದ ಮೇಲೆ, "ನಿನ್ನ ಮೇಲೆ ನಂಬಿಕೆ ಇಲ್ಲ" ಅಂದಂತೆ. ಆಟೋದಲ್ಲಿ ಎರಡನೇ ಸಲ ಕೇಳದೇ ಹೋದ ಆ ಅಮ್ಮನದ್ದೂ ಇದೇ ಕಾರಣ.

ಕೈಗಡ ಕೊಟ್ಟವರದ್ದೂ ಇದೇ ದಾರಿ. "ಎರಡು ಲಕ್ಷ ಕೊಟ್ಟೀನ್ರಿ, ಚೆಕ್ ಇಸ್ಕೊಂಡೀನಿ, ಬೌನ್ಸ್ ಆಗೈತಿ" ಅಂತ ಬರುತ್ತಾರೆ. ಯಾವಾಗ ಬೌನ್ಸ್ ಆಯಿತು ಅಂದರೆ ಐದು ತಿಂಗಳ ಹಿಂದೆ. ಚೆಕ್ಕಿನ ಆಯುಷ್ಯ 3 ತಿಂಗಳು. ಬೌನ್ಸ್ ಆದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ಮುಟ್ಟಿದ ಮೇಲೆ ಅವನಿಗೆ 15 ದಿನದ ಅವಕಾಶ. ಅಷ್ಟರೊಳಗೆ ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿಗೆ ಹೋಗಬೇಕು. ಆ ಐದು ತಿಂಗಳು ಏನು ಮಾಡಿದಿರಿ ಅಂದರೆ, "ಮುಂದಿನ ವಾರ ಕೊಡ್ತೀನಿ ಅಂತಿದ್ದ, ನೋಟಿಸ್ ಕೊಟ್ರ ಬ್ಯಾಸರ ಮಾಡ್ಕೋತಾನ ಅಂತ ಸುಮ್ನಿದ್ದೆ" ಅನ್ನುತ್ತಾರೆ. ಚೆಕ್ಕಿನ ಕೇಸು ಕೈತಪ್ಪಿರುತ್ತದೆ. ಸಾಲ ಕೊಟ್ಟ 3 ವರ್ಷದೊಳಗಾದರೆ ವಸೂಲಿಗೆ ಸಿವಿಲ್ ದಾವಾದ ದಾರಿ ಮಾತ್ರ ಉಳಿಯುತ್ತದೆ.

ಉತಾರದ ಮೇಲಿನ ನಂಬಿಕೆ

ನಮ್ಮ ಕಡೆ ಜನ ಎಲ್ಲಕ್ಕಿಂತ ಹೆಚ್ಚು ನಂಬುವ ಕಾಗದ ಉತಾರ, ಅಂದರೆ ಪಹಣಿ. "ಉತಾರದಾಗ ನನ್ನ ಹೆಸರೈತ್ರಿ, ಅಂದ್ರ ಹೊಲ ನಂದ ಅಲ್ಲೇನ್ರಿ?" ಈ ಪ್ರಶ್ನೆ ವಾರಕ್ಕೆ ಒಂದಾದರೂ ಬರುತ್ತದೆ. 9ನೇ ಕಾಲಂ ಮೇಲೆ ಬೆರಳಿಟ್ಟೇ ತೋರಿಸುತ್ತಾರೆ. ಇನ್ನು ಕೆಲವರು ಉಲ್ಟಾ ಹೆದರಿರುತ್ತಾರೆ, "ನನ್ನ ಹೆಸರು ತಗದು ಬರೇ ಅವರ ಹೆಸರು ಏರಿಸ್ಯಾರ್ರಿ, ನನ್ನ ಹಕ್ಕು ಹೋತೇನ್ರಿ?" ಅಂತ. ಎರಡಕ್ಕೂ ಒಂದೇ ಉತ್ತರ. ಉತಾರ ಕಂದಾಯ ಇಲಾಖೆಯ ದಾಖಲೆ. ಅದರಲ್ಲಿ ಇರುವುದು ಸರಿ ಅಂತ ಇಟ್ಟುಕೊಂಡು ಮುಂದೆ ಹೋಗಬಹುದು, ತಪ್ಪು ಅಂತ ಯಾರಾದರೂ ತೋರಿಸುವವರೆಗೆ. ಆದರೆ ಹಕ್ಕು ಹುಟ್ಟುವುದು ಉತಾರದಿಂದ ಅಲ್ಲ. ಖರೀದಿ ಪತ್ರದಿಂದ, ವಾಟ್ನಿಯಿಂದ, ಬಕ್ಷೀಸ್ (ದಾನ) ಪತ್ರದಿಂದ, ಮೃತ್ಯುಪತ್ರದಿಂದ (ಉಯಿಲಿನಿಂದ), ಇಲ್ಲವೇ ವಾರಸಾದಿಂದ. ಉತಾರ ಅದನ್ನು ಬರೆದಿಟ್ಟುಕೊಳ್ಳುತ್ತದೆ. ಹೆಸರು ಬಿಟ್ಟುಹೋಯಿತು ಅಂತ ಹಕ್ಕು ಸಾಯುವುದಿಲ್ಲ, ಹೆಸರು ಏರಿತು ಅಂತ ಇಲ್ಲದ ಹಕ್ಕು ಹುಟ್ಟುವುದೂ ಇಲ್ಲ. ಹೊಲ ಕೊಳ್ಳುವವರಿಗೆ ನಾನು ಯಾವಾಗಲೂ 11ನೇ ಕಾಲಂ ಮೊದಲು ನೋಡಿ ಅನ್ನುತ್ತೇನೆ. ಸಾಲದ ಬೋಜಾ ಕೂತಿರುವುದು ಅಲ್ಲಿ. ಸಂಚಕಾರ (ಮುಂಗಡ ಹಣ) ಕೊಟ್ಟು ಬಂದ ಮೇಲೆ ಅದನ್ನು ನೋಡಿ ಪ್ರಯೋಜನವಿಲ್ಲ.

ಉಳಿದ ಪ್ರಶ್ನೆಗಳಿಗೆ ಉತ್ತರ ಸಣ್ಣದು. ಬಾಡಿಗೆಯವರು 12 ವರ್ಷ ಇದ್ದರೆ ಮನೆ ಅವರದ್ದಾಗುತ್ತದೆ ಅನ್ನುವುದು ಸುಳ್ಳು. ನಿಮ್ಮ ಒಪ್ಪಿಗೆಯ ಮೇಲೆ ಇರುವವರು ಎಷ್ಟು ವರ್ಷ ಇದ್ದರೂ ಬಾಡಿಗೆಯವರೇ. ಮೃತ್ಯುಪತ್ರಕ್ಕೆ ಬಾಂಡ್ ಪೇಪರ್ ಬೇಕಿಲ್ಲ. ಬಿಳಿ ಹಾಳೆ ಸಾಕು, ಇಬ್ಬರು ಸಾಕ್ಷಿಗಳ ಸಹಿ ಮಾತ್ರ ಬೇಕೇ ಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಸಾಕ್ಷಿಯಾಗಿ ವಿಚಾರಣೆಗೆ ಅಂತ ಹೆಣ್ಣುಮಕ್ಕಳನ್ನು, ಅರವತ್ತು ದಾಟಿದವರನ್ನು ಠಾಣೆಗೆ ಬಾ ಅಂತ ಒತ್ತಾಯ ಮಾಡುವಂತಿಲ್ಲ, ಪೊಲೀಸರೇ ಮನೆಗೆ ಬಂದು ಕೇಳಬೇಕು. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ) ಇದು ಇದೆ. ಫಿರ್ಯಾದಿ ಕೊಟ್ಟವರಿಗೆ ಎಫ್‌ಐಆರ್ ನಕಲು ಪುಕ್ಕಟೆ ಕೊಡಬೇಕು. ಇವೆಲ್ಲ ಫೋನಿನಲ್ಲೇ ಮುಗಿಯುವ ಮಾತು. 15100ಕ್ಕೆ ಫೋನ್ ಮಾಡಿದರೆ ಕಾನೂನು ಸೇವಾ ಪ್ರಾಧಿಕಾರದವರೂ ಹೇಳುತ್ತಾರೆ.

ಅವ್ವನ ಟ್ರಂಕಿನ ಕಾಗದ

ಗೆದ್ದವನು ಸೋತ, ಸೋತವನು ಸತ್ತ ಅಂತ ಕೋರ್ಟಿನ ಬಗ್ಗೆ ಗಾದೆ ಇದೆಯಲ್ಲ, ನಮ್ಮ ಮನೆಯಲ್ಲೂ ಅದನ್ನು ಕೇಳಿಯೇ ಬೆಳೆದೆ. ಗಾದೆ ಸುಳ್ಳಲ್ಲ. ಮೂವತ್ತು ವರ್ಷ ನಡೆದ ದಾವಾಗಳನ್ನು ನಾನೇ ನೋಡಿದ್ದೇನೆ. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟ್ ಪೀಠ ಬರುವ ಮೊದಲು ಅಪೀಲಿಗೆ ಬೆಂಗಳೂರಿಗೆ ಹೋಗಬೇಕಿತ್ತು. ರಾತ್ರಿ ಬಸ್ಸು ಹತ್ತಿ ಹೋಗಿ, "ತಾರೀಖು ಮುಂದಕ್ಕ ಹೋತು" ಅಂತ ಮರುರಾತ್ರಿ ಬರುತ್ತಿದ್ದವರ ಮುಖ ನನಗೆ ನೆನಪಿದೆ. ಆದರೆ ಆ ಗಾದೆ ಹೇಳುವುದು ದಾವಾದ ಬಗ್ಗೆ. ಕೇಳುವುದರ ಬಗ್ಗೆ ಅಲ್ಲ. ನಮ್ಮ ಜನ ಎರಡನ್ನೂ ಒಂದೇ ಮಾಡಿಕೊಂಡಿದ್ದಾರೆ. ವಕೀಲರ ಮನೆ ಮೆಟ್ಟಿಲು ಹತ್ತಿದರೆ ಸಾಕು, ಜಗಳಕ್ಕೆ ನಿಂತರು ಅಂತಲೇ ಅರ್ಥ. ಹಾಗಾಗಿ ಜಗಳ ಆದ ಮೇಲೆಯೇ ಬರುತ್ತಾರೆ.

ಇದರಲ್ಲಿ ನಮ್ಮ ವಕೀಲರ ಪಾಲೂ ಇದೆ. ಕೇಸು ತಂದವರಿಗೆ ಕೊಡುವ ಹೊತ್ತನ್ನು ಸುಮ್ನೆ ಒಂದು ಮಾತು ಕೇಳಲು ಬಂದವರಿಗೆ ನಾವು ಕೊಡುವುದಿಲ್ಲ. ಬಂದವರಿಗೆ ಸೆಕ್ಷನ್ ಹೇಳುತ್ತೇವೆ, ಅರ್ಥ ಹೇಳುವುದಿಲ್ಲ. ನಾವು ಬರೆಯುವ ಪತ್ರದ ಕನ್ನಡ ಓದಿ ನೋಡಿ. "ಸದರಿ ಸ್ವತ್ತಿನಲ್ಲಿ ನನಗಿರುವ ಸಕಲ ಹಕ್ಕು ಹಿತಾಸಕ್ತಿಗಳನ್ನು" ಅಂತ ಶುರುವಾದ ವಾಕ್ಯ ಒಂದು ಪುಟ ದಾಟಿದರೂ ಮುಗಿಯುವುದಿಲ್ಲ. ಡಿಗ್ರಿ ಆದವರೂ ಮೂರನೇ ಸಾಲಿಗೆ ಬಿಟ್ಟುಬಿಡುತ್ತಾರೆ. ನಾಲ್ಕನೇ ತರಗತಿ ಓದಿದ ಅಕ್ಕ ಏನು ಮಾಡಬೇಕು?

ಇದು ನನಗೆ ನಿಜವಾಗಿ ತಟ್ಟಿದ್ದು ನಮ್ಮ ಅವ್ವನಿಂದ. ನಾನು ವಕೀಲಿ ಶುರು ಮಾಡಿ ಎಂಟೊಂಬತ್ತು ವರ್ಷ ಆಗಿತ್ತು. ಒಂದು ಭಾನುವಾರ ಅವ್ವ ಹಿತ್ತಲ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ನಾನು ಪಕ್ಕದಲ್ಲಿ ಚಹಾ ಕುಡಿಯುತ್ತಾ ಯಾವುದೋ ಫೈಲು ನೋಡುತ್ತಿದ್ದೆ. ಅವ್ವ ಎದ್ದು ಒಳಗೆ ಹೋದಳು. ಟ್ರಂಕಿನ ತಳದಿಂದ ಒಂದು ಹಳದಿ ಬಣ್ಣಕ್ಕೆ ತಿರುಗಿದ ಕಾಗದ ತಂದು ನನ್ನ ಫೈಲಿನ ಮೇಲೆ ಇಟ್ಟಳು. "ಅವತ್ತ ನಾ ಯಾವುದಕ್ಕ ಸಹಿ ಮಾಡಿದ್ನವಾ? ನೋಡಿ ಹೇಳು" ಅಂದಳು.

ಅದು ರೋಣ ತಾಲೂಕಿನ ಅವ್ವನ ಊರಿನ ಹೊಲದ ಉತಾರದಲ್ಲಿ ಹೆಸರು ಬದಲಿಸಲು ಕೊಟ್ಟ ವರದಿಯ ನಕಲು. 1998ರದ್ದು. ಫಾರ್ಮಿನಲ್ಲಿ ಧಾರವಾಡ ಜಿಲ್ಲೆ ಅಂತ ಅಚ್ಚಾಗಿದ್ದನ್ನು ಪೆನ್ನಿನಿಂದ ಹೊಡೆದು ಮೇಲೆ ಗದಗ ಅಂತ ಬರೆದಿದ್ದರು. ಗದಗ ಬೇರೆ ಜಿಲ್ಲೆಯಾಗಿ ಆಗ ಒಂದು ವರ್ಷ, ಹಳೇ ಫಾರ್ಮು ಇನ್ನೂ ಮುಗಿದಿರಲಿಲ್ಲ. ಅಜ್ಜ ತೀರಿಕೊಂಡ ಮೇಲೆ ಹೊಲಕ್ಕೆ ವಾರಸಾ ಹಚ್ಚುವಾಗ, ಗಂಡುಮಕ್ಕಳ ಹೆಸರನ್ನಷ್ಟೇ ಏರಿಸಲು ನಮ್ಮ ತಕರಾರಿಲ್ಲ ಅಂತ ಅವ್ವ ಮತ್ತು ಚಿಗವ್ವ ಚಾವಡಿಯಲ್ಲಿ ಸಹಿ ಮಾಡಿದ್ದರು. ನಾನು ವಕೀಲಳ ಹಾಗೆ ಶುರು ಮಾಡಿದೆ. 1956ರ ಕಾಯ್ದೆಯಲ್ಲೇ ಅಪ್ಪನ ಪಾಲಿನಲ್ಲಿ ಮಗಳಿಗೂ ಹಕ್ಕಿತ್ತು ಅವ್ವಾ, ಇದು ಬರೀ ವರದಿ, ಹೊಲದ ಹಕ್ಕು ಬಿಡಬೇಕಂದರೆ ನೋಂದಣಿ ಪತ್ರ ಆಗಬೇಕು, ಹಾಗಾಗಿ ಕಾನೂನು ಪ್ರಕಾರ ನೀನು ಹಕ್ಕು ಬಿಟ್ಟಂತೆ ಆಗಿಲ್ಲ, ಅಂತೆಲ್ಲಾ ಹೇಳಿದೆ. ಅವ್ವ ಕಾಳಿನೊಳಗಿನ ಹರಳು ಆರಿಸುತ್ತಲೇ ಕೇಳಿದಳು.

"ನನಗ ಹೊಲ ಬ್ಯಾಡವಾ" ಅಂದಳು. "ನಿಮ್ಮ ಮಾವನ ಮಕ್ಕಳು ತಿಂದ್ಕೊಂಡಿರ್ಲಿ. ಆದ್ರ ಅವತ್ತ ಚಾವಡ್ಯಾಗ ಐದು ಮಂದಿ ಗಂಡಸರು ಕುಂತಿದ್ರು. ಒಬ್ಬರಾದ್ರೂ, ಇದು ಹಿಂಗೈತಿ ನೋಡವಾ, ನಿನ್ನ ಮನಸಿಗೆ ಬಂದ್ರ ಸಹಿ ಮಾಡು ಅನ್ನಲಿಲ್ಲ. ಇಲ್ಲೆ ಮಾಡು ಅಂದ್ರು."

ಮಗಳು ವಕೀಲಳಾಗಿ ಅಷ್ಟು ವರ್ಷ ಮನೆಯಲ್ಲೇ ಇದ್ದರೂ ಅವ್ವ ಆ ಕಾಗದವನ್ನು ಹೊರಗೆ ತೆಗೆದಿರಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, "ನೀ ನೋಡಿದ್ರ ನಿಮ್ಮ ಮಾವಗ ಹೋಗಿ ಕೇಳ್ತಿ ಅಂತ ಅಂಜಿಕಿ ಇತ್ತು" ಅಂದಳು. ಪಂಚಮಿಗೆ ಕರೆಯಲು ಬರುವುದನ್ನು ಮಾವ ಬಿಟ್ಟಾನು ಅನ್ನುವ ಅಂಜಿಕೆ. ಮಾವ ಆ ವರ್ಷವೂ ಬಂದ, ಅದರ ಮುಂದಿನ ವರ್ಷವೂ ಬಂದ. ಅವ್ವ ಕಾಗದವನ್ನು ಮತ್ತೆ ಟ್ರಂಕಿನಲ್ಲೇ ಇಟ್ಟಳು.

ಅತ್ತೆ ಸೊಸೆ

ಲಕ್ಷ್ಮೇಶ್ವರದ ಕಡೆಯ ಆ ಅಮ್ಮ ದಾವಾ ಹಾಕಲಿಲ್ಲ. ಆದರೆ ಎರಡು ವರ್ಷ ಬಿಟ್ಟು ಮತ್ತೆ ಬಂದರು. ಈ ಸಲ ಜೊತೆಗೆ ಸೊಸೆ. ಮೂವತ್ತರ ಹುಡುಗಿ, ಕಂಕುಳಲ್ಲಿ ಕೂಸು. ಆಕೆಯ ತವರು ಶಿಗ್ಗಾವಿ ಹತ್ತಿರ. ಅಲ್ಲಿ ಅಣ್ಣ ಹಕ್ಕು ಬಿಡುಗಡೆ ಪತ್ರದ ಕರಡು ಮಾಡಿಸಿದ್ದ. ಈಗ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ಬಂದ ಮೇಲೆ ಕರಡನ್ನು ಮೊದಲೇ ಆನ್‌ಲೈನ್‌ನಲ್ಲಿ ಹಾಕಿ, ಆಮೇಲೆ ಹೋಗಿ ಸಹಿ ಮಾಡಬೇಕಲ್ಲವೇ. ಹಾಗಾಗಿ ವಾಟ್ಸಾಪಿನಲ್ಲಿ ತಂಗಿಗೂ ಕಳಿಸಿದ್ದ, ಹೆಸರು, ಆಧಾರ್ ನಂಬರು ಸರಿ ಇದೆಯಾ ನೋಡು ಅಂತ. ಅತ್ತೆ ಫೋನ್ ಇಸಿದುಕೊಂಡು ನನ್ನ ಮುಂದೆ ಹಿಡಿದರು. "ಇಕಿ ಇನ್ನಾ ಸಹಿ ಮಾಡಿಲ್ರಿ ಅಕ್ಕಾರ. ಮೊದಲ ಓದಿ ಹೇಳ್ರಿ. ನನ್ನಂಗ ಆಗೂದು ಬ್ಯಾಡ."

ನನಗೆ ಎದೆ ತುಂಬಿ ಬಂತು, ನಿಜ. ಜೊತೆಗೆ ಸ್ವಲ್ಪ ಯೋಚನೆಯೂ ಆಯಿತು. ಸೊಸೆಯ ತವರಿನ ಪಾಲು ಬಂದರೆ ಅದು ಬರುವುದು ಅತ್ತೆಯ ಮನೆಗೆ. ಪಾಲು ಕೇಳು ಅಂತ ಗಂಡನ ಮನೆಯವರು ಒತ್ತಾಯ ಮಾಡಿ, ತವರೂ ಕಳೆದುಕೊಂಡು, ಪಾಲಿನ ಮೇಲೆ ಕೈಯೂ ಇಲ್ಲದೆ ನಿಂತ ಹೆಣ್ಣುಮಕ್ಕಳನ್ನೂ ನೋಡಿದ್ದೇನೆ. ಸಹಿ ಮಾಡು ಅನ್ನುವುದು ಎಷ್ಟು ಒತ್ತಾಯವೋ, ಮಾಡಬೇಡ ಅನ್ನುವುದೂ ಅಷ್ಟೇ ಒತ್ತಾಯ ಆಗಬಹುದು. "ಅಮ್ಮಾರ, ಕೂಸಿಗೆ ಒಂದೀಟು ಹೊರಗ ಗಾಳಿ ಹಾಕ್ರಿ" ಅಂತ ಹೇಳಿ ಅತ್ತೆಯನ್ನು ಹೊರಗೆ ಕೂರಿಸಿದೆ. ಅವರಿಗೆ ಅರ್ಥವಾಯಿತು. ಬೇಸರ ಮಾಡಿಕೊಳ್ಳದೆ ಮೊಮ್ಮಗನನ್ನು ಎತ್ತಿಕೊಂಡು ಹೋದರು.

ಮೂರು ಪುಟದ ಕರಡನ್ನು ಫೋನಿನಲ್ಲಿ ದೊಡ್ಡದು ಮಾಡಿ ಒಂದೊಂದೇ ಸಾಲು ಓದಿದೆ. ಓದಿದ್ದನ್ನು ಮನೆ ಮಾತಿನಲ್ಲಿ ಹೇಳಿದೆ. ಸರ್ವೆ ನಂಬರು ಎರಡು ಇದ್ದವು. "ಎರಡನೇದು ಯಾವುದ್ರಿ?" ಅಂದಳು. ಬೋರ್ ಇರುವ ತೋಟದ ಹೊಲ. ಮಸಾರಿ (ಕೆಂಪು ಮಣ್ಣಿನ) ಹೊಲ ಒಂದೇ ಅಂತ ಆಕೆ ತಿಳಿದಿದ್ದಳು. ಮೂರನೇ ಪುಟದಲ್ಲಿ, ಮುಂದೆ ನಾನಾಗಲಿ ನನ್ನ ವಾರಸುದಾರರಾಗಲಿ ಯಾವ ತಂಟೆ ತಕರಾರು ಮಾಡುವುದಿಲ್ಲ ಅನ್ನುವ ಸಾಲು ಬಂತು.

"ವಾರಸುದಾರರು ಅಂದ್ರ ಕೂಸೇನ್ರಿ?"

"ಹೌದು."

ಬಾಗಿಲ ಕಡೆ ನೋಡಿದಳು. ಹೊರಗೆ ಅಜ್ಜಿ ಮೊಮ್ಮಗನಿಗೆ ರಸ್ತೆಯ ಬಸ್ಸು ತೋರಿಸುತ್ತಿದ್ದರು. ನಿನಗೆ ಏನು ಅನಿಸುತ್ತದೆ ಅಂತ ಕೇಳಿದೆ. ತೋಟದ ಹೊಲ ಅಣ್ಣನೇ ಬೋರ್ ಹಾಕಿಸಿ ಮಾಡಿದ್ದು, ಅದು ಅವನಿಗೇ ಇರಲಿ, ಮಸಾರಿ ಹೊಲದ ಬಗ್ಗೆ ಮಾತಾಡಬೇಕು ಅನಿಸುತ್ತದೆ, ಆದರೆ ಬಾಯಿ ಬರುವುದಿಲ್ಲ ಅಂದಳು. "ಅಣ್ಣಗ ಏನಂತ ಹೇಳ್ಲಿ ಅಕ್ಕಾರ? ನೀ ನನ್ನ ನಂಬಂಗಿಲ್ಲೇನು ಅಂದ್ರ?"

"ನನ್ನ ಮ್ಯಾಲ ಹಾಕು" ಅಂದೆ. "ವಕೀಲರು ಒಂದು ಸಲ ನಿಮ್ಮ ಅಣ್ಣನ್ನ ನೋಡಬೇಕು ಅಂದಾರ, ಕಾಗದದಾಗ ಒಂದೆರಡು ಕಡೆ ತಿದ್ದಬೇಕಂತ, ಅನ್ನು. ಬೈದ್ರ ನನಗ ಬೈಲಿ."

ಅಲ್ಲೇ ಕೂತು ಫೋನ್ ಮಾಡಿದಳು. ಮೊದಲ ಸಲ ಅವನು ಎತ್ತಲಿಲ್ಲ. ಎರಡನೇ ಸಲ ಎತ್ತಿದ. ನಾನು ಹೇಳಿಕೊಟ್ಟಂತೆಯೇ ಹೇಳಿದಳು, ಒಂದು ಪದ ಬಿಡದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಫೋನ್ ನನಗೆ ಕೊಡಲು ಹೇಳಿದ. ಸಿಟ್ಟಿನ ದನಿ ಅಲ್ಲ, ಅಂಜಿದ ದನಿ. "ಕೇಸ್ ಗೀಸ್ ಏನಿಲ್ಲಲ್ರಿ ಮೇಡಂ?" ಅಂತ ಕೇಳಿದ. ಏನಿಲ್ಲ, ಕೂತು ಓದೋಣ ಅಂದೆ. ಸೋಮವಾರ ಹಾವೇರಿಯಲ್ಲಿ ಕೆಲಸವಿದೆ, ಮಂಗಳವಾರ ಬರುತ್ತೇನೆ ಅಂದ. ಎರಡೂ ಹೊಲದ ಚಾಲ್ತಿ ಉತಾರ, ವಂಶಾವಳಿ ತರಲು ಹೇಳಿದೆ. "ಬೋರಿನ ಸಾಲದ ಕಾಗದಾನೂ ತರಲೇನ್ರಿ?" ಅಂದ. ತನ್ನಿ ಅಂದೆ.